ದಡದ ಮೇಲೆ ಅಳುವ ಮುದುಕಿ

ಗಜೇಂದ್ರಗಡ

ತಮ್ಮಾ ಅಜಯ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕಿ ನಗಿಸಿಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬರೆದ ಗಗನವೀರನ ಹೊಸ ಕಾಮಿಕ್ಸ್ ಬಂತು. ಕಾಲುವೆಗೆ ಬಿದ್ದ ಶಾಲೆಯ ವ್ಯಾನನ್ನು ಅವನು ಹಾರಿಬಂದು ಒಂದೇ ಕೈಯಲ್ಲಿ ಎತ್ತಿ ರಸ್ತೆಯ ಮೇಲಿಡುತ್ತಾನೆ. ದಡದಲ್ಲಿ ಒಬ್ಬ ಮುದುಕಿ ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ಅಳುತ್ತಾಳೆ. ಆ ಹಣೆಯ ಹಚ್ಚೆ, ಆ ಮೂಗುತಿ, ಆ ಸೆರಗು ಎಲ್ಲವೂ ನಮ್ಮ ಶೇಖವ್ವ ಚಿಗವ್ವನವು. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳ ಮುಖ ನಿನಗೆ ಇಷ್ಟು ಚೆನ್ನಾಗಿ ನೆನಪಿದೆ. ಅವಳು ಮಾಡಿದ್ದು ಮಾತ್ರ ಹೇಗೆ ಮರೆತುಹೋಯಿತು?

ಮರೆತಿಲ್ಲ ನೀನು. ನಾನೇ ಹೇಳಿದ್ದೆನಲ್ಲ. ಅಂದು ನಾವು ಕೆಲವು ಹೆಂಗಸರು ನೇಯ್ದ ಸೀರೆಗಳ ಗಂಟು ಇಟ್ಟುಕೊಂಡು ಟಂಟಂ ಆಟೋದಲ್ಲಿ ನರಗುಂದದ ಅಂಗಡಿಗೆ ಹೊರಟಿದ್ದೆವು. ಮುಂದಿದ್ದ ವ್ಯಾನು ಕಣ್ಣೆದುರೇ ಕಾಲುವೆಗೆ ಮಗುಚಿತು. ನಾವೆಲ್ಲ ಬಾಯಿ ಬಾಯಿ ಬಡಿದುಕೊಂಡೆವು. ಚಿಗವ್ವ ಗಂಟು ಬಿಚ್ಚಿದಳು. ಸೀರೆಗೆ ಸೀರೆ ಬಿಗಿದು, ಒಂದು ತುದಿಯನ್ನು ತನ್ನ ನಡುವಿಗೆ ಕಟ್ಟಿಕೊಂಡು ಇನ್ನೊಂದನ್ನು ನಮ್ಮ ಕೈಗೆ ಕೊಟ್ಟಳು. ಈಜು ಬಾರದವಳು.

“ನನಗ ಭಾಳ ಅಂಜಿಕಿ ಆಗೇತಿ. ಕೈ ಬಿಡಬ್ಯಾಡ್ರಿ” ಎಂದಳು, ಇಳಿದೇಬಿಟ್ಟಳು.

ವ್ಯಾನಿನ ಕಿಟಕಿಯಿಂದ ಒಂದೊಂದೇ ಮಗುವನ್ನು ಎಳೆದು ದಡಕ್ಕೆ ದಾಟಿಸಿದಳು. ಮಕ್ಕಳೆಲ್ಲ ಬದುಕಿದವು. ಅವಳ ಬಲಭುಜದ ಕೀಲು ಕಳಚಿತು, ಮತ್ತೆ ಸರಿಯಾಗಲಿಲ್ಲ. ಈಗ ಮಗ್ಗದಲ್ಲಿ ಲಾಳಿ ಎಸೆಯಲಾರಳು. ಮಗ್ಗಕ್ಕೆ ನಾನು ಕೂರುತ್ತೇನೆ, ಅವಳು ಎಡಗೈಯಲ್ಲಿ ನೂಲು ಬಿಡಿಸುತ್ತಾಳೆ.

ಇದನ್ನೆಲ್ಲ ಕೇಳಿ ನೀನು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಪುಸ್ತಕ ಮಾಡುತ್ತೇನೆ ಎಂದಿದ್ದೆ. ಮೊನ್ನೆ ಕೇಳಿದರೆ, “ಮುದುಕಿ ಚಿತ್ರ ನೋಡಾಕ ಯಾವ ಹುಡುಗ್ರು ಪುಸ್ತಕ ತಗೋತಾವಕ್ಕಾ?” ಎನ್ನುತ್ತೀಯಲ್ಲ! ನಾಚಿಕೆಯಾಗಲಿಲ್ಲವೇ?

ನನ್ನ ಮಗಳು ನೇತ್ರಾಳ ಶಾಲೆಯಲ್ಲಿ ಮೆಚ್ಚಿನ ವೀರರ ವೇಷ ಹಾಕಿಸಿದ್ದರು. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಇವಳೂ ಗಗನವೀರ ಆಗಿದ್ದಳು. ಯಾರಾದರೂ ಮುಳುಗುತ್ತಿದ್ದರೆ ಏನು ಮಾಡುತ್ತೀ ಎಂದು ಪಾಠ ಹೇಳುವ ಬಾಯಾರು ಕೇಳಿದರಂತೆ. ಹಾರಿಹೋಗುತ್ತೇನೆ ಎಂದಳಂತೆ. ಹಾರಲು ಬರದಿದ್ದರೆ?

“ಗಗನವೀರ ಬರೂತನಕಾ ಒದರ್ತೀನ್ರಿ.”

ಎಲ್ಲರೂ ನಕ್ಕರಂತೆ. ನನಗೆ ನಗು ಬರಲಿಲ್ಲ. ಕಾಲುವೆಗೆ ಇಳಿದವಳ ಮೊಮ್ಮಗಳಿಗೆ ದಡದಲ್ಲಿ ನಿಂತು ಕೂಗುವುದನ್ನು ಕಲಿಸಿದ್ದೀ ನೀನು.

ಕಾಮಿಕ್ಸ್ ಮೇಲೆ ನನಗೆ ದ್ವೇಷವಿಲ್ಲ. ಒಂದೇ ಪುಸ್ತಕಕ್ಕೆ ಜಗಳಾಡಿ ಓದಿದವರು ನಾವು. ಏನು ತಾಗಿದರೂ ನೋವಾಗದ ವೀರರು ನಿನಗೆ ಇಷ್ಟ. ನನಗೆ ಹೆದರುವವರು ಇಷ್ಟ, ಹೆದರುತ್ತಲೇ ಹೋಗುವವರು. ಏನೂ ತಾಗದವನು ನೀರಿಗಿಳಿದರೆ ಅದರಲ್ಲಿ ಕಲಿಯುವುದೇನಿದೆ?

ಚಿಗವ್ವನಿಗೆ ಓದಲು ಬಾರದು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಇದರಲ್ಲಿ ತಾನು ಯಾರು ಎಂದು ಕೇಳಿದಳು. ನಾನು ಮುದುಕಿಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಹಿಂಗ ಬಾಯಿ ತಗದು ಅಳಾಕ ನನಗ ಪುರಸೊತ್ತರೆ ಎಲ್ಲಿತ್ತವಾ?” ಎಂದಳು. ಆಮೇಲೆ, “ಇರಲಿ ಬಿಡು, ಹುಡುಗ ಚಲೋ ಬರದಾನ” ಎಂದು ಪುಟ ಮುಚ್ಚಿದಳು. ಅವಳು ನಿನ್ನನ್ನು ಬೈದಿದ್ದರೆ ನಾನು ಬೈಯುತ್ತಿರಲಿಲ್ಲ.

ಬರುವ ಸೋಮವಾರ ರೋಣದ ಶಾಲೆಯಲ್ಲಿ ನಿನ್ನ ಭಾಷಣವಂತೆ, ಮಕ್ಕಳು ಯಾವ ವೀರನನ್ನು ನೋಡಿ ಕಲಿಯಬೇಕು ಎಂಬ ವಿಷಯವಂತೆ. ನೇತ್ರಾಳನ್ನೂ ಚಿಗವ್ವನನ್ನೂ ಕರೆದುಕೊಂಡು ಬರುತ್ತೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇವೆ. ಮಾತಿನ ನಡುವೆ ಅವಳಿಗೆ ಶಾಲು ಹೊದಿಸುವ ನಾಟಕ ಬೇಡ. ಮಕ್ಕಳು ಕೇಳಿದಾಗ ಅವಳ ಮುಖ ನೋಡುತ್ತ ಉತ್ತರ ಹೇಳು. ಅಷ್ಟು ಸಾಕು.

ಉಣ್ಣುವುದು, ಮಲಗುವುದು ಹೊತ್ತಿಗೆ ಸರಿಯಾಗಿ ಮಾಡು. ನಿನ್ನ ಕೈಗೂ ಕಣ್ಣಿಗೂ ದೇವರು ಒಳ್ಳೆಯದು ಮಾಡಲಿ.

ಸಿಟ್ಟು ಇಳಿಯದ ನಿನ್ನ ಅಕ್ಕ,
ದ್ರಾಕ್ಷಾಯಣಿ