ಕೊಪ್ಪರಿಗೆ ಬಿಟ್ಟು ಹೊರಟೆವು

ಪ್ರೀತಿಯ ಅಪ್ಪನಿಗೆ,

ಸಾವಿರ ಜನರಿಗೆ ಬೇಯಿಸುವ ನಿನ್ನ ಕೊಪ್ಪರಿಗೆಯನ್ನು ಹಿಂದೆ ಬಿಟ್ಟು ಬಂದೆ. ಬೇರೆ ಯಾರಿಂದಲೋ ತಿಳಿದು ನೀನು ನೊಂದುಕೊಳ್ಳುವ ಮೊದಲು ನಾನೇ ಹೇಳೋಣವೆಂದು ಬರೆಯುತ್ತಿದ್ದೇನೆ.

ನಮ್ಮ ದೊಡ್ಡ ದಂಡನ್ನು ಹತ್ತು ಸಣ್ಣ ತುಕಡಿಗಳಾಗಿ ಒಡೆಯುವ ಸುದ್ದಿ ಬಂದ ದಿನ ನೀನು ತಟ್ಟೆ ಸರಿಸಿ ಹೇಳಿದ್ದೆ: "ಸಾವಿರ ಜನ ಒಂದೇ ಒಲೆಯ ಊಟ ಮಾಡಿದ್ರೆ ಅದು ಸೈನ್ಯ. ನೂರು ಜನ ಬೇರೆ ಬೇಯಿಸ್ಕೊಂಡು ತಿಂದ್ರೆ ಅದು ಪಿಕ್‌ನಿಕ್ಕು!" ಆ ದಂಡಿನ ಅಡುಗೆಮನೆಯನ್ನು ಜೀವಮಾನವಿಡೀ ನಡೆಸಿದವನು ನೀನು, ಹಾಗೆನಿಸುವುದು ಸಹಜ. ಆದರೆ ಗಡಿಯಲ್ಲಿ ಗುಂಡು ಹಾರಿದಾಗ ಆ ಸಾವಿರ ಜನ ಹೊರಡಲು ಮೂರು ದಿನ ಹಿಡಿದದ್ದೂ ನಿಜ. ಅಷ್ಟರಲ್ಲಿ ಅಲ್ಲಿನ ಕಾವಲುಠಾಣೆ ಕೈತಪ್ಪಿತ್ತು.

ಈಗ ನನ್ನ ಕೈಕೆಳಗೆ ನೂರು ಜನ. ಆಜ್ಞೆ ಬಂದ ಒಂದು ಗಂಟೆಯೊಳಗೆ ಗೇಟು ದಾಟಬೇಕು. ಮೊದಲ ಪರೀಕ್ಷೆಯಲ್ಲಿ ಸೋತೆವು. ಬಂದೂಕು, ಡೇರೆ, ವೈರ್‌ಲೆಸ್ ಎಲ್ಲ ಲಾರಿ ಹತ್ತಿದ್ದವು. ನಿನ್ನ ಶಿಷ್ಯ, ನಮ್ಮ ಅಡುಗೆಯಣ್ಣ, ಹಠ ಹಿಡಿದು ತಂದಿದ್ದ ಕೊಪ್ಪರಿಗೆ ತಣ್ಣಗಾಗಲಿ ಎಂದು ಕಾಯುತ್ತಿದ್ದ. "ಗುರುಗಳದ್ದು ಮೇಡಂ, ಬಿಟ್ಟು ಬರೋಕಾಗಲ್ಲ" ಎಂದು ಅಡ್ಡ ನಿಂತ.

ಎರಡನೇ ಸಲವೂ ಸೋತರೆ ತುಕಡಿಯನ್ನೇ ಬರಖಾಸ್ತು ಮಾಡುವುದಾಗಿ ಮೇಲಿನವರು ಹೇಳಿದ್ದರು. ಅದಕ್ಕೇ ಕೊಪ್ಪರಿಗೆಯನ್ನು ಗೇಟಿನ ಬಳಿ ಇರಿಸಿ, ಸಣ್ಣ ಪಾತ್ರೆಗಳೊಂದಿಗೆ ಹೊರಟೆ. ಗಂಟೆ ತುಂಬುವ ಮೊದಲೇ ಕೊನೆಯ ಲಾರಿ ಗೇಟು ದಾಟಿತು. ಹುಡುಗರು ಕೇಕೆ ಹಾಕಿದರು. ನನಗೂ ಹಾಕಬೇಕೆನಿಸಿತು, ಅಧಿಕಾರಿಯಲ್ಲವೇ, ಗಡಿಯಾರ ನೋಡಿಕೊಂಡೆ.

ಊಟಕ್ಕೆ ಕೂತಾಗ ಮೊದಲ ತುತ್ತಿಗೇ ಎಲ್ಲರೂ ನೀರಿನ ಬಾಟಲಿಗೆ ಕೈಹಾಕಿದರು. "ಏನಣ್ಣಾ, ಕೊಪ್ಪರಿಗೆ ಬಿಟ್ಟು ಸಮುದ್ರ ತಂದಿದ್ದೀಯಾ?" ಎಂದು ಡ್ರೈವರ್ ಕೂಗಿದ. ಎಲ್ಲರೂ ನಕ್ಕರು, ಅಡುಗೆಯಣ್ಣ ನಗಲಿಲ್ಲ. ಅವನ ಕೈಗೆ ಸಾವಿರ ಜನರ ಉಪ್ಪು ಒಗ್ಗಿಹೋಗಿದೆ. ಅಳತೆಯ ಲೋಟ ಕೊಟ್ಟೆ. ಅಳೆದು ಹಾಕಿದ ಮೇಲೂ ಸಾಲದೆನಿಸಿ ಇನ್ನೊಂದು ಹಿಡಿ ಸುರಿಯುತ್ತಾನೆ. "ಸಣ್ಣ ಅಡುಗೆ ನನಗೆ ಬರಲ್ಲ, ಬಿಟ್ಟುಬಿಡಿ ಮೇಡಂ" ಎಂದು ತಿಂಗಳ ಕೊನೆಗೆ ಹೊರಡಲು ನಿಂತಿದ್ದಾನೆ. ಯಾರಿಗೆ ಮನೆ ನೆನಪಾಗಿದೆಯೆಂದು ತಟ್ಟೆ ನೋಡಿಯೇ ಹೇಳುವವನು ಅವನು. ಅವನನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ನಿವೃತ್ತನಾಗಿ ಬಂದ ಹೊಸದರಲ್ಲಿ ನೀನೂ ಹೀಗೇ ಇದ್ದೆ, ಅಡುಗೆಯೂ ಉಪ್ಪೂ ದಂಡಿನ ಅಳತೆಗೆ. "ಇವತ್ತು ಯಾವ ಪಟಾಲಂ ಊಟಕ್ಕೆ ಬರ್ತಿದೆ ರೀ?" ಎಂದು ಅಮ್ಮ ಕೇಳುತ್ತಿದ್ದಳು. ನಮ್ಮಲ್ಲಿ ಮಿಕ್ಕಿದ್ದೇ ಸಾಕಾಗಿ ಪಕ್ಕದ ಮನೆಯವರು ರಾತ್ರಿ ಒಲೆ ಹಚ್ಚುವುದನ್ನೇ ಬಿಟ್ಟಿದ್ದರು. ಆಮೇಲೊಂದು ದಿನ ನೀನು "ಇದು ನಮ್ಮಮ್ಮನಿಗೆ, ಇದು ಹೆಂಡತಿಗೆ, ಇದು ಮಗಳಿಗೆ, ಇದು ನನಗೆ" ಎಂದು ಗೊಣಗುತ್ತ ಒಂದೊಂದೇ ಚಿಟಿಕೆ ಉಪ್ಪು ಹಾಕುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪು ಹೆಚ್ಚಾಗಲಿಲ್ಲ.

ಬಾ ಅಪ್ಪ, ನಾಲ್ಕು ದಿನ ಇದ್ದು, ಹಾಗೆ ಒಬ್ಬೊಬ್ಬರನ್ನು ನೆನೆದು ಉಪ್ಪು ಹಾಕುವುದನ್ನು ಅವನಿಗೂ ಹೇಳಿಕೊಡು. ಸಾವಿರ ಜನರ ಹೆಸರು ನಿನಗೂ ಗೊತ್ತಿರಲಿಲ್ಲ. ಈ ನೂರು ಜನರ ಹೆಸರು ಅವನ ಬಾಯಲ್ಲೇ ಇದೆ. ಹತ್ತೂ ತುಕಡಿಗಳು ಒಂದೆಡೆ ಸೇರುವ ದಿನ ಕೊಪ್ಪರಿಗೆ ಮತ್ತೆ ಒಲೆ ಏರಲಿದೆ. ಅವತ್ತಿನ ಉಪ್ಪು ನಿನ್ನ ಕೈಯದೇ.

ನೀನು ಬರುವವರೆಗೆ ನಮ್ಮ ದಾರಿಯೂ ಅಡುಗೆಯೂ ಹದವಾಗಿರಲೆಂದು ಅಲ್ಲಿಂದಲೇ ಹರಸು.

ನಿನ್ನ ಮಗಳು,
ಪಿಕ್‌ನಿಕ್ಕಿನ ಮುಖ್ಯಸ್ಥೆ