ಗಂಜಿ ಪಾತ್ರೆಯ ಮುಚ್ಚಳ

ಮೈಲಾಪುರ, ಮದರಾಸು
೧೯ ಜೂನ್ ೧೯೬೬

ಪ್ರೀತಿಯ ತಮ್ಮ ರಘುರಾಮಾ,

ನಿನ್ನ ಹೊಟ್ಟೆನೋವು ಹೇಗಿದೆ? ವಾಷಿಂಗ್ಟನ್ನಿನಲ್ಲೂ ಮೊಸರು ಸಿಗುತ್ತದೆ ಎಂದು ಬರೆದಿದ್ದಿ. ಹುಳಿಯಿಲ್ಲದ ಮೊಸರು ಮೊಸರೇ ಅಲ್ಲ ಮಾರಾಯ, ಆದರೂ ಬಿಡಬೇಡ. ಇಲ್ಲಿ ಮೇ ತಿಂಗಳ ಕತ್ತರಿ ಬಿಸಿಲು ಮುಗಿದರೂ ಸೆಕೆ ಹೋಗಿಲ್ಲ. ಅಪ್ಪನ ಮಂಡಿನೋವು ಹಾಗೇ ಇದೆ. ಆದರೂ ಬೆಳಿಗ್ಗೆ ಕಪಾಲಿ ದೇವಸ್ಥಾನದ ಕೊಳ ದಾಟಿ ಹೋಟೆಲಿನ ಅಡುಗೆಗೆ ಹೋಗಿಯೇ ಹೋಗುತ್ತಾರೆ. ಸಾಂಬಾರಿನ ಒಗ್ಗರಣೆಗೆ ಇನ್ನೊಬ್ಬನ ಕೈಯನ್ನು ಅವರು ನಂಬುವುದಿಲ್ಲ. ನನ್ನ ಮಗಳು ಬೇಬಿ ನಿನ್ನ ಫೋಟೋ ನೋಡಿ "ಮಾಮಾ ಎಪ್ಪೋ ವರುವಾರು" ಅನ್ನುತ್ತಾಳೆ, ಮಾಮ ಯಾವಾಗ ಬರುತ್ತಾರೆ ಎಂದು ತಮಿಳಿನಲ್ಲಿ. ಕನ್ನಡದಲ್ಲಿ ಕೇಳೇ ಅಂದರೆ ಇಂಗ್ಲಿಷಿನಲ್ಲಿ ಕೇಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಪತ್ರ ಓದಿ ಸಿಟ್ಟು ಬಂತು. ದೇಶಗಳಿಗೆ ಸಾಲ ಕೊಡುವ ನಿನ್ನ ಸಂಸ್ಥೆಯಿಂದ ಹೊಸದಾಗಿ ಸ್ವತಂತ್ರವಾದ ಆಫ್ರಿಕದ ದೇಶವೊಂದಕ್ಕೆ ಹೋಗುವ ತಂಡಕ್ಕೆ ನಿನ್ನನ್ನೇ ಮುಖ್ಯಸ್ಥ ಮಾಡಿದ್ದಾರೆ, ನೀನೋ ಅದನ್ನು ಬಿಟ್ಟು ರಾಜೀನಾಮೆ ಬರೆಯಲು ಕೂತಿದ್ದಿ. ಈ ತಿಂಗಳು ನಿನ್ನ ಸಂಸ್ಥೆಯವರ ಒತ್ತಾಯಕ್ಕೆ ನಮ್ಮ ರೂಪಾಯಿಯ ಬೆಲೆ ಇಳಿಸಿದ್ದನ್ನು ತಡೆಯಲು ಆಗಲಿಲ್ಲ ಅನ್ನುವುದು ನಿನ್ನ ಒಂದು ನೋವು. ಹೋದ ನವೆಂಬರಿನಿಂದ ಅಪ್ಪ ನಿನಗೆ ಒಂದು ಸಾಲೂ ಬರೆದಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ, ಕೇಳು. ನಮ್ಮ ವಿಮಾ ನೌಕರರ ಸಂಘದ ಮೆರವಣಿಗೆಯಲ್ಲಿ ಮೌಂಟ್ ರೋಡಿನಲ್ಲಿ ನಿಂತು ನಿನ್ನ ಸಂಸ್ಥೆಗೆ ಧಿಕ್ಕಾರ ಕೂಗಿದ್ದೇನೆ. ನಾಳೆಯೂ ಕೂಗುತ್ತೇನೆ. ಹೆಚ್ಚು ದುಡ್ಡು ಇಟ್ಟವನಿಗೆ ಹೆಚ್ಚು ಮತ ಅನ್ನುವ ಮನೆ ಅದು. ನಮ್ಮ ಬೀದಿಯ ಸಾಹುಕಾರನೂ ಅಷ್ಟು ನಾಚಿಕೆಗೆಟ್ಟು ಆ ಮಾತು ಆಡುವುದಿಲ್ಲ. ಆದರೆ ಬೀದಿಯಲ್ಲಿ ಕೂಗುವ ಕೆಲಸಕ್ಕೆ ನಾವು ಇಲ್ಲಿ ಸಾವಿರಾರು ಜನ ಇದ್ದೇವೆ. ಒಳಗೆ ಆ ಮೇಜಿನ ಮುಂದೆ ಕೂತು "ಇದು ತಪ್ಪು" ಅನ್ನಲು ನಮ್ಮವನು ಅಂತ ಇರುವುದು ನೀನೊಬ್ಬ. ಆ ಕುರ್ಚಿ ನಿನ್ನೊಬ್ಬನದು ಅಂದುಕೊಂಡೆಯಾ? ಕಾಲೇಜಿಗೆ ತಡವಾಗುತ್ತದೆಂದು ಹೋಟೆಲಿನಲ್ಲಿ ಗಿರಾಕಿಗಳಿಗಿಂತ ಮೊದಲು ನಿನಗೆ ಎಲೆ ಹಾಕಿ, ಧಣಿ ಭೋಜರಾಯರಿಂದ ಬೈಸಿಕೊಂಡವರು ಬಡಿಸುವ ಚಂದು ಮತ್ತು ಅವನ ಜೊತೆಯವರು. ನೀನು ಲಂಡನ್ನಿಗೆ ಓದಲು ಹೊರಟಾಗ ಉಪ್ಪಿನಕಾಯಿ ಭರಣಿಗೆ ಅರಗು ಹಾಕಿಕೊಟ್ಟವರೂ ಅವರೇ. ಅವರನ್ನು ಕೇಳದೆ ರಾಜೀನಾಮೆ ಕೊಡಲು ನೀನು ಯಾರು?

ಇನ್ನು ಅಪ್ಪನ ಮುನಿಸು. ನವೆಂಬರಿನ ಆ ದಿನ ನನಗೆ ಚೆನ್ನಾಗಿ ನೆನಪಿದೆ, ನಾನು ಹೋಟೆಲಿನ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಊರಿಡೀ ಅಕ್ಕಿಗೆ ಕ್ಯೂ ನಿಂತಿದ್ದ ಕಾಲ. ಧಾನ್ಯ ಉಳಿಸಲೆಂದು ಸೋಮವಾರ ರಾತ್ರಿ ಹೋಟೆಲುಗಳಲ್ಲಿ ಒಲೆಯೇ ಹಚ್ಚುತ್ತಿರಲಿಲ್ಲ. ನಮ್ಮ ನಾಡಿಗೆ ಎಷ್ಟು ಧಾನ್ಯ, ಎಷ್ಟು ಸಾಲ ಬೇಕು ಎಂದು ನೋಡಲು ಬಂದ ನಿನ್ನ ದೊಡ್ಡ ಸಾಹೇಬನನ್ನು ನೀನು ಅಪ್ಪನ ಕೈಯಡುಗೆ ಉಣ್ಣಿಸಲು ಕರೆತಂದೆ. ನಮ್ಮ ಹೋಟೆಲಿನವರು ಮಾಡಿದ್ದೇನು? ಅತಿಥಿಗೆ ಕಡಿಮೆಯಾಗಬಾರದು ಎಂದು ವಾರವಿಡೀ ತಮ್ಮ ಪಾಲಿನ ಅಕ್ಕಿ ತೆಗೆದಿಟ್ಟು, ತಾವು ಗೋಧಿ ನುಚ್ಚಿನ ನೀರುಗಂಜಿ ಕುಡಿದು, ಸಾಹೇಬನ ಎಲೆಗೆ ಚಿತ್ರಾನ್ನ, ಕೋಸಂಬರಿ, ಎರಡು ಬಗೆ ಪಾಯಸ ಬಡಿಸಿದರು. ಸಾಹೇಬ ರಸಂ ಕುಡಿದು ಕಣ್ಣೀರು ಹಾಕಿದಾಗ "ನೋಡಿ ಸ್ವಾಮಿ, ಭಾರತಕ್ಕೆ ಅಳುವ ಸಾಹೇಬನೂ ಇದ್ದಾನೆ" ಅಂದ ಚಂದು. ಎಲ್ಲರೂ ನಕ್ಕೆವು. ಆಮೇಲೆ ಆ ಮನುಷ್ಯ ಕೈ ಒರೆಸಿಕೊಂಡು ನಿನಗೆ ಹೇಳಿದ, ಅಡುಗೆಯವರ ಬಳಿಯೇ ಇಷ್ಟು ಊಟ ಇದ್ದರೆ ಬರ ಅನ್ನುವುದು ದೆಹಲಿಯವರ ನಾಟಕ ಇರಬೇಕು ಎಂದು. ನೀನು ತಕ್ಷಣ ಎದ್ದೆ. ಅವನ ತೋಳು ಹಿಡಿದು ನೇರ ಒಳಗೆ ಕರೆದೊಯ್ದು, ಆಳುಗಳ ಊಟದ ಪಾತ್ರೆಯ ಮುಚ್ಚಳ ಎತ್ತಿ ಹಿಡಿದೆ. ತಳದಲ್ಲಿ ಆ ಬೂದುಬಣ್ಣದ ಗಂಜಿ. ಅಪ್ಪ ಸೌಟು ಕೆಳಗಿಟ್ಟು ಹಿತ್ತಿಲಿಗೆ ಹೋದವರು ನೀನು ವಿಮಾನ ಹತ್ತುವವರೆಗೂ ನಿನ್ನ ಮುಖ ನೋಡಲಿಲ್ಲ.

ಆ ಮುಚ್ಚಳ ಎತ್ತಿದ ಮೇಲೆ ಸಾಹೇಬನ ವರದಿಯಲ್ಲಿ ಧಾನ್ಯದ ಮಾತು ಬದಲಾಯಿತು ಎಂದು ನೀನೇ ಬರೆದಿದ್ದಿ. ಎಷ್ಟು ಬದಲಾಯಿತೋ, ಅದರಿಂದ ಎಷ್ಟು ಹೊಟ್ಟೆ ತುಂಬಿತೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ನಮ್ಮ ಹಸಿವನ್ನು ನಾವೇ ಮರ್ಯಾದೆಯ ಎಲೆಯಲ್ಲಿ ಮುಚ್ಚಿಟ್ಟಿದ್ದೆವು, ಅದನ್ನು ಬೆಳಕಿಗೆ ಹಿಡಿಯುವ ಧೈರ್ಯ ನನ್ನ ತಮ್ಮನಿಗಿತ್ತು. ನಾನು ಭಾಷಣದಲ್ಲಿ ಎಷ್ಟೋ ಜನರಿಗೆ ಧನ್ಯವಾದ ಹೇಳಿದ್ದೇನೆ, ನಿನಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ಮನೆಯವರ ಮುಂದೆ ಕೆಟ್ಟವನಾಗಿ ಊರಿಗೆ ಒಳ್ಳೆಯದು ಮಾಡಿದೆ. ಅದಕ್ಕೆ ನಾನು ಬದುಕಿರುವವರೆಗೆ ಋಣಿ.

ಚಂದು ನಮಸ್ಕಾರ ತಿಳಿಸಿದ್ದಾನೆ. ನಿನ್ನ ಭಾವ ಹೊಸ ರೇಡಿಯೋ ಬಿಚ್ಚಿಟ್ಟು ಕೂತಿದ್ದಾರೆ, ಅದು ಇನ್ನು ಹಾಡುವುದಿಲ್ಲ. ಚಳಿಗಾಲ ಬಂದಾಗ ಕಿವಿ ಮುಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬೆನ್ನು ನೆಟ್ಟಗಿರಲಿ ಎಂದು ಹರಸುವ,

ನಿನ್ನ ಅಕ್ಕ
ಚಂದ್ರಮತಿ

ಮರೆತೆ: ಟಪಾಲಿಗೆ ಹಾಕುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮಂಡಿ ತಿಕ್ಕುತ್ತಾ ಕೇಳಿದರು. ಆಮೇಲೆ ಅಂದರು: "ಆಫ್ರಿಕಕ್ಕೆ ಹೋಗಲು ಹೇಳು ಅವನಿಗೆ. ಆ ದೇಶದವರೂ ನೆಂಟರು ಬಂದರೆ ಪಾತ್ರೆ ಮುಚ್ಚಿಡುವವರೇ ಇರಬೇಕು. ಮುಚ್ಚಳ ಎತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ, ನಾನು ಅಲ್ಲೇ ನಿಂತಿದ್ದೆ, ನನ್ನನ್ನು ಒಂದು ಮಾತು ಕೇಳಲಿಲ್ಲ. ಅಲ್ಲಿಯಾದರೂ ಅಡುಗೆಯವನನ್ನು ಕೇಳಿ ಎತ್ತಲಿ."