ಪ್ರೆಶರ್ ಮುಟ್ಟಬೇಡ, ತಮ್ಮಾ

ತಮ್ಮಾ,

ಏಳುತ್ತಿದ್ದ ಹಾಗೆ ಇದನ್ನು ಓದು. ನೀನು ರಾತ್ರಿ ಹಾಕಿಕೊಂಡು ಮಲಗುವ ಉಸಿರಿನ ಮೆಷಿನ್ನಿನ ಮೆಮೊರಿ ಕಾರ್ಡ್ ತಗೊಂಡು ಡಾಕ್ಟರ ಹತ್ತಿರ ಹೊರಟಿದ್ದೇನೆ. ಅದನ್ನು ಹುಡುಕುತ್ತಾ ಮನೆ ತಲೆಕೆಳಗು ಮಾಡಬೇಡ.

ಡಾಕ್ಟರು ಅದರ ಪ್ರೆಶರ್ ಇಟ್ಟಿದ್ದು ಒಂಬತ್ತಕ್ಕೆ. ನೀನು ಯಾರನ್ನೂ ಕೇಳದೆ ಹದಿನಾಲ್ಕಕ್ಕೆ ಏರಿಸಿಕೊಂಡಿದ್ದೀಯ. ಒತ್ತಡ ಕೊಟ್ಟರೆ ಕಸ ಬಿಟ್ಟುಕೊಳ್ಳುವುದಕ್ಕೆ ನಿನ್ನ ಗಂಟಲು ನೀನು ದಿನಾ ರಿಪೇರಿ ಮಾಡುವ ನೀರಿನ ಪಂಪಲ್ಲ ಕಣೋ.

ನಿನ್ನೆ ಸಂಜೆ ಕೂತು ಆ ಕಾರ್ಡಿನಲ್ಲಿದ್ದ ಒಂದೊಂದು ರಾತ್ರಿಯ ಉಸಿರಿನ ಗ್ರಾಫೂ ನೋಡಿದೆ. ನೀನು ಏರಿಸಿದಾಗೆಲ್ಲ ಉಸಿರು ನಿಲ್ಲುವುದು ಹೆಚ್ಚಾಗಿದೆ. ಫೋನಿನಲ್ಲಿ ಓದಿ ಹೇಳಿದರೆ ಡಾಕ್ಟರು ಒಂದೊಂದು ರಾತ್ರಿಯ ಲೆಕ್ಕವನ್ನೂ ಮತ್ತೆ ಓದಿಸಿಕೊಂಡರು. ಆಮೇಲೆ, "ಈಗ ಗಂಟಲು ಕಟ್ಟಿಕೊಳ್ತಾ ಇಲ್ಲಮ್ಮ. ಉಸಿರಾಡಬೇಕು ಅನ್ನೋದನ್ನೇ ಮೈ ಮರೀತಾ ಇದೆ. ಒತ್ತಡ ಜಾಸ್ತಿಯಾದ್ರೆ ಕೆಲವರಿಗೆ ಹೀಗಾಗತ್ತೆ. ಬೆಳಗ್ಗೆನೇ ಕಾರ್ಡ್ ತನ್ನಿ" ಅಂದರು.

ಇದನ್ನೇ ರಾತ್ರಿ ಊಟದ ಹೊತ್ತಿಗೆ ಹೇಳಿದೆ. "ಹೋಗಕ್ಕ, ಮೆಷಿನ್ ವಿಷ್ಯ ನಂಗೆ ಹೇಳ್ಕೊಡ್ತೀಯಾ?" ಅಂತ ನಕ್ಕುಬಿಟ್ಟೆ.

ಈಗ ನಾನೇ ಒಂಬತ್ತಕ್ಕೆ ಇಳಿಸಿದ್ದೇನೆ. ಮುಟ್ಟಿದರೆ ಕೈ ಮುರೀತೀನಿ. ಇವತ್ತು ವ್ಯಾನ್ ಓಡಿಸಬೇಡ. ತಲೆ ನೋವು ಅಂತ ಮಾತ್ರೆ ನುಂಗಿ ಸೋಫಾದ ಮೇಲೆ ಉರುಳಿಕೊಳ್ಳಲೂ ಬೇಡ. ನಾನು ಬರುವ ತನಕ ಎದ್ದಿರು. ಪಾತ್ರೆ ತೊಳಿ, ಏನಾದರೂ ಮಾಡು, ಕಣ್ಣು ಮಾತ್ರ ಮುಚ್ಚಬೇಡ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಬೆಳಗಿನ ಜಾವ ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗೆ ಅನಿಸಿದ್ದರೆ ಅದು ಕನಸಲ್ಲ, ನಾನು. ಮೆಷಿನ್ ತನ್ನ ಪಾಡಿಗೆ ಗಾಳಿ ಊದುತ್ತಲೇ ಇತ್ತು. ನಿನ್ನ ಎದೆ ಮಾತ್ರ ಏಳುತ್ತಿರಲಿಲ್ಲ. ನಾನು ನಿನ್ನನ್ನು ನೋಡಲು ಬಂದವಳಲ್ಲ, ತಮ್ಮಾ. ಬಾಯಾರಿಕೆಯಾಗಿ ನೀರು ಕುಡಿಯಲು ಎದ್ದಿದ್ದೆ, ಅಷ್ಟೇ.

ಅಕ್ಕ